ಹುಲ್ಲುಹಾಸಿನ ಬಿತ್ತನೆ ಕಾಲ

ಹೊಸ ಹುಲ್ಲುಹಾಸಿಗೆ ಬೀಜ ಹಾಕುವ ಹೊತ್ತು ಮಣ್ಣಿನ ಬಿಸಿ ಮತ್ತು ಹದವನ್ನು ಅವಲಂಬಿಸಿದೆ; ಹುಲ್ಲಿನ ಜಾತಿ ಬದಲಾದಂತೆ ಅದೂ ಬದಲಾಗುತ್ತದೆ. ತೋಟಗಾರರು ಲಾನ್ ಹುಲ್ಲುಗಳನ್ನು ಎರಡು ಬಣವಾಗಿ ನೋಡುತ್ತಾರೆ. ಕೆಂಟಕಿ ಬ್ಲೂಗ್ರಾಸ್, ಟಾಲ್ ಫೆಸ್ಕ್ಯೂ, ರೈಗ್ರಾಸ್ ತಂಪುಗಾಲದವು. ಮಣ್ಣು 10ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದಾಗ ಚೆನ್ನಾಗಿ ಮೊಳೆಯುತ್ತವೆ. ಗರಿಕೆ, ಜೋಯ್ಸಿಯಾ ಬಿಸಿಗಾಲದವು. ಮಣ್ಣು 18–20 ಡಿಗ್ರಿ ದಾಟುವ ತನಕ ಅವು ಸರಿಯಾಗಿ ಕಣ್ಣು ಬಿಡುವುದಿಲ್ಲ.

ಅಮೆರಿಕದ ಉತ್ತರ ರಾಜ್ಯಗಳಲ್ಲಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗಿನ ಅವಧಿ ತಂಪುಗಾಲದ ಹುಲ್ಲಿನ ಬಿತ್ತನೆಗೆ ಅತ್ಯುತ್ತಮ. ಬೇಸಿಗೆಯ ಕಾವು ಮಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ, ಗಾಳಿ ಮಾತ್ರ ತಣ್ಣಗಾಗಿರುತ್ತದೆ. ಹಿಮ ಬೀಳುವ ಮೊದಲೇ ಸಸಿ ಬೇರು ಇಳಿಸಿಕೊಳ್ಳುತ್ತದೆ. ಅಂಗಡಿಗಳು ಬೀಜದ ಚೀಲ ಪೇರಿಸುವುದು ಏಪ್ರಿಲ್‌ನಲ್ಲಾದ್ದರಿಂದ ಹೊಸಬರು ಆಗಲೇ ಎರಚುತ್ತಾರೆ. ಮಣ್ಣು 13 ಡಿಗ್ರಿ ಮುಟ್ಟುತ್ತಿದ್ದಂತೆ ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಎದ್ದು ಎಳೆ ಸಸಿಯ ಜೊತೆ ಪೈಪೋಟಿಗಿಳಿಯುತ್ತದೆ. ಕಳೆ ಮೊಳೆಯದಂತೆ ಮೊದಲೇ ಮದ್ದು ಹಾಕೋಣವೆಂದರೆ, ಸಾಮಾನ್ಯವಾಗಿ ಬಳಸುವ ಮದ್ದುಗಳು ಲಾನಿನ ಬೀಜವನ್ನೂ ಮೇಲೇಳಗೊಡುವುದಿಲ್ಲ. ಉಳಿದ ಸಸಿಗಳು ಜುಲೈ ಬಿಸಿಲಿಗೆ ಬಾಡುತ್ತವೆ.

ಅಲ್ಲಿ ನೆಲೆಸಿದ ಕನ್ನಡಿಗರಿಗೆ ನೆನಪಿಡಲು ಒಂದು ಗುರುತಿದೆ: ಗಣೇಶನ ಹಬ್ಬ ಹೆಚ್ಚೂಕಡಿಮೆ ಈ ಆಗಸ್ಟ್–ಸೆಪ್ಟೆಂಬರ್ ಬಿತ್ತನೆಯ ಹೊತ್ತಿಗೇ ಬರುತ್ತದೆ. ತಮಾಷೆಯೆಂದರೆ, ಗಣೇಶನಿಗೆ ಏರಿಸುವ ಗರಿಕೆ ಬರ್ಮುಡಾ ಹುಲ್ಲೆಂಬ ಹೆಸರಿನಲ್ಲಿ ಅಮೆರಿಕದ ದಕ್ಷಿಣದ ಅಂಗಳಗಳನ್ನು ಆಳುತ್ತದೆ. ಫೆಸ್ಕ್ಯೂ ಲಾನಿಗೆ ನುಗ್ಗಿದರೆ ಅದೇ ಕಳೆ.

ರೈಗ್ರಾಸ್ 5ರಿಂದ 10 ದಿನದಲ್ಲಿ ಮೊಳೆಯುತ್ತದೆ, ಬ್ಲೂಗ್ರಾಸ್ 14ರಿಂದ 28 ದಿನ ಕಾಯಿಸುತ್ತದೆ. ಮಿಶ್ರ ಬೀಜ ಬಿತ್ತಿದವರು ವಾರದಲ್ಲೇ ಹಸಿರು ಕಂಡು ನೀರು ನಿಲ್ಲಿಸುವುದು ಸಾಮಾನ್ಯ ತಪ್ಪು. ಆಗ ಬ್ಲೂಗ್ರಾಸ್ ಬೀಜ ಒಡೆಯುವ ಹಂತದಲ್ಲೇ ಒಣಗಿ ಸಾಯುತ್ತದೆ.

ಬಿಸಿಲ ನಾಡಿನಲ್ಲಿ ಎರಡೂ ಬಣಗಳನ್ನು ಒಂದೇ ನೆಲದಲ್ಲಿ ದುಡಿಸುವುದುಂಟು. ಜಾರ್ಜಿಯಾದ ಅಗಸ್ಟಾ ನ್ಯಾಷನಲ್ ಗಾಲ್ಫ್ ಅಂಗಳದ ಹಾಸು ಮೂಲತಃ ಬರ್ಮುಡಾ. ಚಳಿಗೆ ಅದು ಕಂದಿ ಮಲಗುತ್ತದೆಂದು ಶರತ್ಕಾಲದಲ್ಲೇ ಮೇಲೆ ರೈಗ್ರಾಸ್ ಬಿತ್ತುತ್ತಾರೆ. ಏಪ್ರಿಲ್‌ನ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಟಿವಿ ನೋಡುಗರು ಬೆರಗಾಗುವ ಹಸಿರು ಈ ರೈಗ್ರಾಸಿನದು.

ಕರ್ನಾಟಕದಲ್ಲಿ ಗರಿಕೆಗೆ ಮಣ್ಣಿನ ಬಿಸಿಯ ಕೊರತೆಯಿಲ್ಲ, ಬೇಕಾದದ್ದು ಹದ. ರೋಹಿಣಿ ಮಳೆಗೆ ನೆಲ ಅಗೆದು, ಕೊನ್ನಾರಿ ಗಡ್ಡೆಯಂಥ ಕಳೆ ಒಮ್ಮೆ ಎದ್ದ ಮೇಲೆ ಕಿತ್ತು, ಜೂನ್‌ನಲ್ಲಿ ಬಿತ್ತುವುದು ಒಳ್ಳೆಯ ಕ್ರಮ. ಬೆಂಗಳೂರಿನಲ್ಲಿ ಮಳೆಯ ಜೋರು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಹುಲ್ಲು ನೆಲ ಹಿಡಿದಿರಬೇಕು. ಕರಾವಳಿಯಲ್ಲಿ ಮಾತ್ರ ಜುಲೈ ಮಳೆ ಬೀಜವನ್ನು ಚರಂಡಿಗೆ ಕೊಚ್ಚಿಕೊಂಡು ಹೋಗುವುದರಿಂದ, ಅಬ್ಬರ ಇಳಿಯುವವರೆಗೆ ಕಾಯುವುದೇ ಲೇಸು.

ಗರಿಕೆ ಬೀಜ ಒಂದು ಗ್ರಾಂಗೆ ಸುಮಾರು 4,000 ತೂಗುವಷ್ಟು ಸಣ್ಣದು. ಅದನ್ನು ಮರಳಿನೊಂದಿಗೆ ಬೆರೆಸಿ, ಅರ್ಧ ಉದ್ದಕ್ಕೂ ಅರ್ಧ ಅಡ್ಡಕ್ಕೂ ಎರಚಿ, ಮೇಲೆ ತೆಳುವಾಗಿ ಮಣ್ಣು ಎಳೆಯುತ್ತಾರೆ. ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋದರೆ ಬಹುಪಾಲು ಮೇಲೆ ಬರುವುದೇ ಇಲ್ಲ. ಟಿಫ್‌ಡ್ವಾರ್ಫ್‌ನಂಥ ಗರಿಕೆಯ ಮಿಶ್ರತಳಿಗಳು ಬೀಜ ಕಟ್ಟದ ಬಂಜೆಗಳಾದ್ದರಿಂದ ಅವುಗಳಿಗೆ ಈ ಲೆಕ್ಕವೇ ಇಲ್ಲ: ಬೇರುಳ್ಳ ಕಡ್ಡಿ ಊರಬೇಕು, ಇಲ್ಲವೇ ಹಾಸನ್ನೇ ಸುರುಳಿಯಾಗಿ ತಂದು ಹರಡಬೇಕು.