ಗ್ರಂಥಸೂಚಿಯೂ ಜಾಲತಾಣದ ಮೆನುವೂ

ಗ್ರಂಥವು ಇರುವುದು ಬೇರೆ, ಬೇಕಾದವರಿಗೆ ಅದು ದೊರೆಯುವುದು ಬೇರೆ. ಈ ಭೇದಕ್ಕೆ ನಿದರ್ಶನವನ್ನು ಬೆಳುವಾಯಿಯವರು ದೂರದಲ್ಲಿ ಅರಸಬೇಕಾಗಿಲ್ಲ. ನೆರೆಯ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಡವೋಲೆಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದುವು; ಧವಲೆಯ ಮೊದಲ ಸಂಪುಟವು ಅಚ್ಚಾಗಿ ಬಂದುದಾದರೋ 1939ರಲ್ಲಿ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳಲ್ಲಿದ್ದ ಓಲೆಗ್ರಂಥಗಳಿಗೆ ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಯಾವ ಭಂಡಾರದಲ್ಲಿ ಯಾವ ಗ್ರಂಥವಿದೆಯೆಂಬುದು ದೂರದೇಶದ ವಿದ್ವಾಂಸರಿಗೂ ಆಗ ತಿಳಿಯುವಂತಾಯಿತು.

ಸೂಚಿಯ ಕ್ರಮವು ಒಂದೇ ಬಗೆಯದಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಅಕಾರಾದಿಯಾಗಿದೆ. ಪದವನ್ನು ಬಲ್ಲವರಿಗೆ ಅದು ಸುಲಭ. 1907ರಲ್ಲಿ ಮೊದಲ ಸಂಪುಟವು ಹೊರಬಂದ ‘ಕರ್ಣಾಟಕ ಕವಿಚರಿತೆ’ಯು ಕಾಲಾನುಕ್ರಮವನ್ನು ಹಿಡಿಯಿತು. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತೋಪಾಧ್ಯಾಯರಾಗಿ ಸೇರಿ, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ವಿಷಯಾನುಸಾರವಾದ ನೂತನ ವರ್ಗೀಕರಣವನ್ನು ಪ್ರಕಟಿಸಿದರು. ವಾಚಕನ ಕಾಲವನ್ನು ಉಳಿಸಬೇಕೆಂಬುದು ಅವರು 1931ರಲ್ಲಿ ವಿಧಿಸಿದ ಐದು ಸೂತ್ರಗಳಲ್ಲೊಂದು.

ಇಂದು ಊರೂರಿನ ಸಂಘ, ಶಾಲೆ, ದೇವಸ್ಥಾನಗಳು ಜಾಲತಾಣಗಳನ್ನು ರಚಿಸುತ್ತಿರಲು ಇದೇ ಪ್ರಶ್ನೆಯು ಮೆನುವಿನ ರೂಪದಲ್ಲಿ ಮರಳಿ ಬಂದಿದೆ. ಐದಾರು ವಿಭಾಗಗಳಷ್ಟೇ ಇದ್ದರೆ ಪುಟದ ನೆತ್ತಿಯಲ್ಲಿ ಅಡ್ಡಸಾಲು ಸಾಕು. ವಿಭಾಗ, ಉಪವಿಭಾಗಗಳು ಹಲವಿದ್ದರೆ ಪಕ್ಕದಲ್ಲಿ ಇಳಿಯುವ ಪಟ್ಟಿಯೇ ಲೇಸು. ಅದು ಬೆಳೆದರೂ ಕಿಕ್ಕಿರಿಯದು. ಮೂರು ಗೆರೆಗಳ ಗುರುತಿನೊಳಗೆ ಪಟ್ಟಿಯನ್ನು ಅಡಗಿಸುವ ಮೂರನೆಯ ಬಗೆಯು 1981ರ ಜೆರಾಕ್ಸ್ ಸ್ಟಾರ್ ಗಣಕಯಂತ್ರದಲ್ಲಿ ಕಾಣಿಸಿಕೊಂಡು, ಮೊಬೈಲಿನ ಕಿರುಪರದೆಯಿಂದಾಗಿ ವ್ಯಾಪಕವಾಯಿತು. ಅದು ಸ್ಥಳವನ್ನು ಉಳಿಸುವುದು ದಿಟ. ಆದರೆ ಗುರುತಿನ ಅರ್ಥವನ್ನರಿಯದ ವೃದ್ಧರಿಗೆ ಒಳಗಿರುವುದೆಲ್ಲವೂ ಇಲ್ಲದಂತೆಯೇ ಸರಿ. ಆದುದರಿಂದ ಆ ಗುರುತಿನ ಬಳಿಯಲ್ಲಿ ‘ಪರಿವಿಡಿ’ ಎಂದು ಬರೆಯುವುದು ಯುಕ್ತ.

ರೂಪಕ್ಕಿಂತಲೂ ಮಿಗಿಲಾದುದು ಹೆಸರು. ‘ಆಡಳಿತ ಮಂಡಳಿ’, ‘ಉಪಸಮಿತಿ’ ಎಂದು ಮಾಲಿಕನ ಅನುಕೂಲದಂತೆ ವಿಂಗಡಿಸಿದರೆ, ಜಾತ್ರೆಯ ದಿನವನ್ನೋ ಹಳೆಯ ಸಂಚಿಕೆಯನ್ನೋ ಅರಸಿ ಬಂದವರು ಬರಿಗೈಯಲ್ಲಿ ಮರಳುವರು. ಭಂಡಾರವನ್ನು ಕಟ್ಟಿದವರ ಪುಣ್ಯವು ಸಫಲವಾಗುವುದು, ಅಪರಿಚಿತನೊಬ್ಬನು ಯಾರನ್ನೂ ಕೇಳದೆ ತನಗೆ ಬೇಕಾದ ಓಲೆಯನ್ನು ಕಂಡುಕೊಂಡಾಗಲೇ ಅಲ್ಲವೆ?