ಕಳವು ಮಾಲಿನ ಕೇಸ್: ತಪ್ಪೊಪ್ಪಿಕೊಂಡ ಮೇಲೆ ಅಪೀಲು ಹೋಗಬಹುದೇ?

ಮಂಗಳೂರು: ಗುಜರಿ ಅಂಗಡಿ, ಹಳೆ ಮೊಬೈಲ್ ಅಂಗಡಿ, ಹಳೆ ಚಿನ್ನ ಕೊಳ್ಳುವ ಅಂಗಡಿಯವರ ಮೇಲೆ ಕಳವು ಮಾಲು ಇಟ್ಟುಕೊಂಡ ಕೇಸ್ ಬಿದ್ದಾಗ, ‘ತಪ್ಪೊಪ್ಪಿಕೊಂಡು ಫೈನ್ ಕಟ್ಟಿ ಮುಗಿಸಿಬಿಡಿ’ ಎಂದು ಹೇಳುವವರಿದ್ದಾರೆ. ಆದರೆ ಫೈನ್ ಕಟ್ಟಿದರೂ ಅದು ಶಿಕ್ಷೆಯೇ. ದಾಖಲೆಯಲ್ಲಿ ‘ಅಪರಾಧಿ’ ಎಂದೇ ಉಳಿಯುತ್ತದೆ.

ಕಾನೂನು ಏನು?
ಭಾರತೀಯ ನ್ಯಾಯ ಸಂಹಿತೆಯ ಕಲಂ 317(2)ರಡಿ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ವಿಧಿಸಬಹುದು. 2024ರ ಜುಲೈ 1ಕ್ಕೆ ಮೊದಲಿನ ಕೃತ್ಯವಾದರೆ ಐಪಿಸಿ 411. ಮಾಲು ಅಂಗಡಿಯಲ್ಲಿ ಸಿಕ್ಕಿದರಷ್ಟೇ ಸಾಲದು. ಕದ್ದದ್ದೆಂದು ಗೊತ್ತಿತ್ತು ಅಥವಾ ಹಾಗೆ ನಂಬಲು ಕಾರಣವಿತ್ತು ಎಂಬುದನ್ನು ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕು. ತಪ್ಪೊಪ್ಪಿಕೊಂಡರೆ ಆ ವಾದವನ್ನೇ ಬಿಟ್ಟುಕೊಟ್ಟಂತೆ.

ಅಪೀಲು ಯಾವುದಕ್ಕೆ?
ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 416ರ ಪ್ರಕಾರ, ಮ್ಯಾಜಿಸ್ಟ್ರೇಟ್ ಮುಂದೆ ತಪ್ಪೊಪ್ಪಿಕೊಂಡವರು ಅಪರಾಧಿ ಎಂಬ ತೀರ್ಪಿನ ವಿರುದ್ಧ ಅಪೀಲು ಹೋಗುವಂತಿಲ್ಲ. ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನುಬದ್ಧವಲ್ಲ ಎಂದು ಮಾತ್ರ ಕೇಳಬಹುದು. ಮಂಗಳೂರಿನ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಅಪೀಲು ಹಾಕಬೇಕು. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು.

ಒಪ್ಪಿಗೆಯೇ ಸರಿಯಿಲ್ಲದಿದ್ದರೆ?
ಆರೋಪ ಅರ್ಥವಾಗದೆ, ಹೆದರಿಕೆಯಿಂದ ಅಥವಾ ಆಮಿಷಕ್ಕೆ ಒಳಗಾಗಿ ಒಪ್ಪಿಕೊಂಡಿದ್ದರೆ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟಿಗೆ ರಿವಿಜನ್ ಅರ್ಜಿ ಹಾಕಬಹುದು. ಇದಕ್ಕೆ 90 ದಿನ ಅವಧಿ. ತಿಪ್ಪಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಆರೋಪ ಬೇರೆಯದಾಗಿತ್ತು. ಆದರೂ, ಕಡಿಮೆ ಶಿಕ್ಷೆಯ ಭರವಸೆ ಕೊಟ್ಟು ತಪ್ಪೊಪ್ಪಿಸಿ, ಆಮೇಲೆ ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿದೆ.

ತಕ್ಷಣ ಮಾಡಬೇಕಾದ್ದು
• ತೀರ್ಪಿನ ಪ್ರತಿ ಮತ್ತು ಒಪ್ಪಿಗೆ ದಾಖಲಾದ ಹಾಳೆಯ ನಕಲು ಪಡೆಯಿರಿ. ಕೋರ್ಟಿನಲ್ಲಿ ನೀವು ಏನೆಂದಿರಿ ಎಂಬುದು ಅದರಲ್ಲಿದೆ.
• ಜೈಲು ಶಿಕ್ಷೆ 3 ವರ್ಷ ಮೀರದಿದ್ದು ನೀವು ಜಾಮೀನಿನಲ್ಲಿದ್ದರೆ, ಅಪೀಲು ಹೋಗುತ್ತೇವೆಂದು ಹೇಳಿ ಅದೇ ಕೋರ್ಟಿನಲ್ಲಿ ಜಾಮೀನು ಕೇಳಬಹುದು.
• ಮೊದಲ ಸಲದ ಕೇಸಾದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಡಿ ಸನ್ನಡತೆಯ ಮೇಲೆ ಬಿಡುವಂತೆ ಕೇಳಲು ವಕೀಲರಿಗೆ ಹೇಳಿ.
• ವಕೀಲರನ್ನಿಡಲು ಶಕ್ತಿಯಿಲ್ಲವೇ? ಮಹಿಳೆಯರು, ಪರಿಶಿಷ್ಟರು, ಬಂಧನದಲ್ಲಿರುವವರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ. ಸಹಾಯವಾಣಿ: 15100.

ಕೇಸ್ ಇನ್ನೂ ನಡೆಯುತ್ತಿದ್ದರೆ, ‘ಒಪ್ಪಿಕೊಳ್ಳುತ್ತೇನೆ’ ಎನ್ನುವ ಮೊದಲೇ ವಕೀಲರ ಬಳಿ ಒಂದು ಮಾತು ಕೇಳಿ. ಖರೀದಿಯ ಬಿಲ್ಲು, ಮಾರಿದವರ ಗುರುತಿನ ಚೀಟಿಯ ನಕಲು ಇದ್ದರೆ ಜೊತೆಗೆ ಒಯ್ಯಿರಿ.