ಯುದ್ಧ ಮುಗಿದ ಮೇಲಿನ ಯುದ್ಧ

ಯುದ್ಧ ಯಾವಾಗ ಮುಗಿಯುತ್ತೆ? ಒಪ್ಪಂದಕ್ಕೆ ಸಹಿ ಬಿದ್ದಾಗ ಅನ್ನುತ್ತೆ ಇತಿಹಾಸದ ಪುಸ್ತಕ. ಹೋರಾಡಿ ಬಂದವನನ್ನು ಕೇಳಿ ನೋಡಿ, ಉತ್ತರ ಬೇರೆಯೇ ಇರುತ್ತೆ.

ಮೊದಲ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದೆಯೂ ನಡುಗುತ್ತಿದ್ದ, ಮಾತೇ ನಿಂತುಹೋಗಿದ್ದ ಸೈನಿಕರನ್ನು ವೈದ್ಯರು ಕಂಡರು. 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ಇದನ್ನು 'ಶೆಲ್ ಶಾಕ್' ಎಂದು ಬರೆದರು. ಆದರೆ ಸೇನೆಯ ಕಣ್ಣಿಗೆ ಎಷ್ಟೋ ಸಲ ಇದು ಹೇಡಿತನವಾಗಿಯೇ ಕಂಡಿತು. ಓಡಿಹೋದರು, ಹೇಡಿಗಳು ಎಂಬಂಥ ಆರೋಪ ಹೊರಿಸಿ ಬ್ರಿಟನ್ ಗುಂಡಿಟ್ಟು ಕೊಂದ 306 ಸೈನಿಕರಿಗೆ ಕ್ಷಮಾದಾನ ಸಿಕ್ಕಿದ್ದು ಯಾವಾಗ ಗೊತ್ತಾ? 2006ರಲ್ಲಿ!

ವಿಯೆಟ್ನಾಂ ಯುದ್ಧ 1975ರಲ್ಲಿ ಮುಗೀತು. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಸರಿ, ಕಾಯಿಲೆಗೆ ಹೆಸರು ಸಿಕ್ತು. ಚಿಕಿತ್ಸೆ?

ಹೆದರಿಸುವ ವಸ್ತುವನ್ನು ಸುರಕ್ಷಿತ ಜಾಗದಲ್ಲಿ, ಸ್ವಲ್ಪ ಸ್ವಲ್ಪವಾಗಿ ಎದುರಿಸಿದರೆ ಭಯ ಇಳಿಯುತ್ತೆ. ಇದು ಹಳೆಯ ಸೂತ್ರ. ನಾಯಿ ಕಂಡರೆ ಹೆದರುವವನ ಮುಂದೆ ನಾಯಿ ತರಬಹುದು. ವಿಯೆಟ್ನಾಂ ಕಾಡನ್ನು ಎಲ್ಲಿಂದ ತರ್ತೀರಿ?

ಅಟ್ಲಾಂಟಾದಲ್ಲಿ ಇದಕ್ಕೊಂದು ದಾರಿ ಸಿಕ್ತು. ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾಥ್‌ಬಾಮ್, ಕಂಪ್ಯೂಟರ್ ವಿಜ್ಞಾನಿ ಲ್ಯಾರಿ ಹಾಡ್ಜಸ್ ಜೊತೆಯಾದರು. ಎತ್ತರಕ್ಕೆ ಹೆದರುವವರ ತಲೆಗೆ ವಿಆರ್ ಹೆಡ್‌ಸೆಟ್ ಹಾಕಿಸಿ, ಕಂಪ್ಯೂಟರ್ ಕಟ್ಟಿದ ತೂಗುಸೇತುವೆ, ಗಾಜಿನ ಲಿಫ್ಟ್‌ಗಳಲ್ಲಿ ನಿಲ್ಲಿಸಿದರು. ಭಯ ಕಡಿಮೆಯಾಯಿತು. 1995ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮುಂದಿನ ಹೆಜ್ಜೆ 'ವರ್ಚುವಲ್ ವಿಯೆಟ್ನಾಂ'. ಹಾರುವ ಹೆಲಿಕಾಪ್ಟರ್, ಕಾಡಿನ ನಡುವೆ ಒಂದು ಬಯಲು. ಯುದ್ಧ ಮುಗಿದು ಇಪ್ಪತ್ತು ವರ್ಷ ದಾಟಿದ ಮೇಲೆ ಮಾಜಿ ಸೈನಿಕರು ಆ ಕಾಡಿಗೆ ಮತ್ತೆ ಕಾಲಿಟ್ಟರು, ಈ ಸಲ ಪಕ್ಕದಲ್ಲಿ ಚಿಕಿತ್ಸಕರಿದ್ದರು.

ಆಮೇಲೆ ಇರಾಕ್ ಯುದ್ಧ ಬಂತು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ 'ಸ್ಕಿಪ್' ರಿಜ್ಜೊ ತಂಡ 'ವರ್ಚುವಲ್ ಇರಾಕ್' ಕಟ್ಟಿತು. ಅದಕ್ಕೆ ಬಳಸಿದ್ದು 'ಫುಲ್ ಸ್ಪೆಕ್ಟ್ರಮ್ ವಾರಿಯರ್' ಎಂಬ ವಿಡಿಯೋ ಗೇಮ್‌ನ ಚಿತ್ರಗಳನ್ನು. ಆ ಗೇಮ್‌ನ ಮೂಲವೋ ಸೇನೆಯ ತರಬೇತಿ! ಯುದ್ಧ ಕಲಿಸಲು ಕಟ್ಟಿದ ಬೀದಿಗಳೇ ಯುದ್ಧದ ಗಾಯಕ್ಕೆ ಮದ್ದಾದವು. ಸ್ಫೋಟದ ಸದ್ದು, ನೆಲದ ಕಂಪನ, ಡೀಸೆಲ್ ವಾಸನೆ, ಎಲ್ಲದರ ಹಿಡಿತವೂ ಚಿಕಿತ್ಸಕರ ಕೈಯಲ್ಲಿ. ಸೈನಿಕ ತನ್ನ ಕಥೆ ಹೇಳುತ್ತಾ ಹೋಗಬೇಕು, ಮತ್ತೆ ಮತ್ತೆ ಹೇಳಬೇಕು.

ಇದು ಮಂತ್ರದಂಡವಲ್ಲ. ಎಲ್ಲರಿಗೂ ಒಗ್ಗೋದಿಲ್ಲ, ನೆನಪನ್ನು ಅಳಿಸೋದೂ ಇಲ್ಲ. ನೆನಪಿನ ಬಿಗಿಮುಷ್ಟಿಯನ್ನು ಸಡಿಲಿಸಬಹುದು, ಅಷ್ಟೆ. ಬದುಕಿನ ಅತ್ಯಂತ ಕೆಟ್ಟ ದಿನವನ್ನು ಮತ್ತೆ ನೋಡ್ತೀನಿ ಅಂತ ತಾನಾಗೇ ಬಂದು ಕೂರುವವನಿಗೆ ಎಂಥ ಧೈರ್ಯ ಬೇಕು, ಯೋಚಿಸಿ. ನೂರು ವರ್ಷದ ಹಿಂದೆ ಇಂಥವರನ್ನೇ ಅಲ್ಲವೇ ಹೇಡಿ ಅಂದಿದ್ದು?